ವಯಸ್ಸಿಗೆ ತಕ್ಕ ಕತೆ ಬರೆದ ಮಾಸ್ತರು: ಪಂಜೆ ಮಂಗೇಶರಾಯರು

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವವಿರಲಿ, ರಾಜ್ಯೋತ್ಸವವಿರಲಿ, ಮಕ್ಕಳ ಕಾರ್ಯಕ್ರಮವೊಂದು ಇದ್ದೇ ಇರುತ್ತದೆ. ವೇದಿಕೆಗೆ ಬಂದ ಪುಟಾಣಿ ನಾಗರಹಾವಿನ ಹಾಡನ್ನು ಕೈ ಆಡಿಸುತ್ತ ಹಾಡಿದರೆ ಸಭಾಂಗಣದ ಹಿಂದಿನ ಸಾಲಿನ ಅಜ್ಜ-ಅಜ್ಜಿಯರೂ ತುಟಿ ಅಲುಗಿಸುತ್ತಾರೆ. ಆ ಹಾಡು ಬರೆದವರು ಯಾರೆಂದು ಕೇಳಿದರೆ ಉತ್ತರಿಸುವವರು ಕೆಲವರೇ. ಅದೇ ಕೈ ಪುಟ್ಟ ಮಕ್ಕಳಿಗೆ ಹಾಡನ್ನೂ, ಸ್ವಲ್ಪ ದೊಡ್ಡವರಿಗೆ ಕತೆಯನ್ನೂ, ಮೀಸೆ ಚಿಗುರುವ ವಯಸ್ಸಿನವರಿಗೆ ವೀರರ ಕಥನವನ್ನೂ ಬೇರೆ ಬೇರೆ ಹದದಲ್ಲಿ ಬರೆದುಕೊಟ್ಟಿತ್ತು ಎಂಬುದು ಇನ್ನೂ ಕೆಲವರಿಗೆ ಮಾತ್ರ ಗೊತ್ತು. ಆ ಹಿರಿಯರೇ ಪಂಜೆ ಮಂಗೇಶರಾಯರು. 2024ಕ್ಕೆ ಅವರು ಹುಟ್ಟಿ 150 ವರ್ಷ ತುಂಬಿತು. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಹೆಣಗುವ ನಮಗೆ ಅವರ ಬದುಕಿನಿಂದ ಕಲಿಯಲು ಸಾಕಷ್ಟಿದೆ.

ಬಂಟವಾಳದ ಬಾಲಕ

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ದಂಡೆಯ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯ. ಸಾರಸ್ವತ ಕುಟುಂಬ, ಮನೆಮಾತು ಕೊಂಕಣಿ. ಪಂಜೆ ಎಂಬ ಮನೆತನದ ಹೆಸರು ಇಂದಿನ ಸುಳ್ಯ ಸೀಮೆಯ ಪಂಜ ಎಂಬ ಊರಿನಿಂದ ಬಂದದ್ದು. ಮನೆಯಲ್ಲಿ ಅನುಕೂಲವಿರಲಿಲ್ಲ. ಕಷ್ಟಪಟ್ಟು ಓದಿ ಮೇಲೆ ಬಂದವರ ಪೈಕಿ ಅವರೂ ಒಬ್ಬರು.

ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತದ ಒಂದು ಜಿಲ್ಲೆ. ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್. ಇಂದು ಮುಂಬಯಿಯಲ್ಲಿ ಬೆಳೆಯುವ ನಮ್ಮ ಮಗುವಿಗೆ ಮನೆಯೊಳಗೆ ತುಳುವೋ ಕನ್ನಡವೋ, ಮೆಟ್ಟಿಲಿಳಿದರೆ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಇರುವಂತೆಯೇ ಬಂಟವಾಳದ ಆ ಬಾಲಕನಿಗೂ ಹಲವು ನುಡಿಗಳ ನಡುವೆ ಬೆಳೆಯುವ ಯೋಗವಿತ್ತು. ಕನ್ನಡ ಅವರಿಗೆ ತೊಟ್ಟಿಲಿನಲ್ಲಿ ಸಿಕ್ಕಿದ ಭಾಷೆಯಲ್ಲ, ಕಲಿತು ಒಲಿಸಿಕೊಂಡ ಭಾಷೆ. ಕನ್ನಡ ಹೊಸದಾಗಿ ಕಲಿಯುವ ಮಗುವಿನ ಕಷ್ಟ ಏನೆಂಬುದು ಅವರಿಗೆ ಚೆನ್ನಾಗಿ ತಿಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಮಂಗಳೂರು ಆ ಕಾಲಕ್ಕೆ ಕನ್ನಡ ಮುದ್ರಣದ ದೊಡ್ಡ ಕೇಂದ್ರ. ಬಾಸೆಲ್ ಮಿಷನ್ನಿನ ಅಚ್ಚುಕೂಟ ಅಲ್ಲಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಅಲ್ಲಿಂದಲೇ. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದಾಗ ಮಂಗೇಶರಾಯರಿಗೆ ಇಪ್ಪತ್ತು ವರ್ಷ. ಹಾಗಿದ್ದರೂ ಮಕ್ಕಳು ಖುಷಿಯಿಂದ ಕೈಗೆತ್ತಿಕೊಂಡು ಓದಬಹುದಾದ ಕನ್ನಡ ಪುಸ್ತಕ ದುರ್ಲಭವಾಗಿತ್ತು. ಇದ್ದದ್ದು ಬಾಯಿಪಾಠದ ಪದ್ಯ, ನೀತಿ ಬೋಧೆ ಮತ್ತು ಮಾಸ್ತರರ ಬೆತ್ತ.

ಮಾಸ್ತರರಾಗಿ, ಇನ್‌ಸ್ಪೆಕ್ಟರರಾಗಿ

ಮಂಗೇಶರಾಯರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದರು. ದುಡಿಯುತ್ತಲೇ ಓದಿ ಬಿ.ಎ., ಎಲ್.ಟಿ. ಪರೀಕ್ಷೆಗಳನ್ನು ಮುಗಿಸಿದರು. ಬೆನಗಲ್ ರಾಮರಾಯರ ಸೋದರಿಯನ್ನು ಮದುವೆಯಾದರು. ರಾಮರಾಯರೂ ದೊಡ್ಡ ಕನ್ನಡ ವಿದ್ವಾಂಸರು. 1900ರ ಸುಮಾರಿಗೆ ಅವರು ಹೊರತಂದ ಸುವಾಸಿನಿ ಎಂಬ ಮಾಸಪತ್ರಿಕೆಯಲ್ಲಿ ಮಂಗೇಶರಾಯರ ಬರವಣಿಗೆಗೆ ನೆಲೆ ಸಿಕ್ಕಿತು.

ಅಲ್ಲಿ ಅವರು ಒಂದೇ ಹೆಸರಿನಲ್ಲಿ ಬರೆಯಲಿಲ್ಲ. ಪದ್ಯಕ್ಕೆ ಕವಿಶಿಷ್ಯ, ಹರಟೆಗೆ ಹರಟೆಮಲ್ಲ, ಕತೆಗೆ ರಾ.ಮ.ಪಂ. ಎಂದು ಬೇರೆ ಬೇರೆ ಅಂಕಿತಗಳು. ತನ್ನನ್ನು ಕವಿ ಎಂದು ಕರೆದುಕೊಳ್ಳದೆ ಕವಿಗಳ ಶಿಷ್ಯ ಎಂದು ಕರೆದುಕೊಂಡ ವಿನಯ ಗಮನಿಸಬೇಕಾದದ್ದು. ನನ್ನ ಚಿಕ್ಕ ತಾಯಿ, ನನ್ನ ಚಿಕ್ಕ ತಂದೆ, ಕಮಲಾಪುರದ ಹೊಟ್ಲಿನಲ್ಲಿ, ಭಾರತ ಶ್ರವಣ ಮೊದಲಾದ ಅವರ ಕತೆಗಳು ಕನ್ನಡದ ಸಣ್ಣಕತೆಯ ಮೊದಲ ಫಲಗಳಲ್ಲಿ ಸೇರಿವೆ. ಮಾಸ್ತಿಯವರ ಮೊದಲ ಕತೆಗಳು ಬರುವುದಕ್ಕೂ ಮುಂಚಿನ ಮಾತಿದು. ಹೋಟೆಲು ಉದ್ಯಮದಿಂದ ಈ ಮಹಾನಗರಗಳಲ್ಲಿ ಹೆಸರು ಮಾಡಿದ ನಮ್ಮವರಿಗೆ ಕನ್ನಡ ಸಣ್ಣಕತೆಯೂ ಹೊಟ್ಲಿನ ಬಾಗಿಲಿನಿಂದಲೇ ಒಳಗೆ ಬಂತು ಎನ್ನುವುದು ಸಂತೋಷದ ಸಂಗತಿ!

ಮುಂದೆ ಅವರು ಶಾಲಾ ಇನ್‌ಸ್ಪೆಕ್ಟರರಾದರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮಾಸ್ತರರಿಗೂ ಮಕ್ಕಳಿಗೂ ಚಳಿಜ್ವರ ಬರುತ್ತಿದ್ದ ಕಾಲ ಅದು. ಮಂಗೇಶರಾಯರು ಶಾಲೆಗೆ ಹೋದರೆ ಹಾಡು ಹೇಳುತ್ತಿದ್ದರು, ಕತೆ ಹೇಳುತ್ತಿದ್ದರು, ಮಕ್ಕಳಿಂದ ಹಾಡಿಸುತ್ತಿದ್ದರು. ಮಾಸ್ತರರಾಗುವವರಿಗೆ ತರಬೇತಿ ಕೊಡುವ ಕೆಲಸವನ್ನೂ ಅವರು ಮಾಡಿದರು. ಹೀಗಾಗಿ ಅವರ ಹಾಡು-ಕತೆಗಳು ಅಚ್ಚಾಗುವ ಮೊದಲೇ ಮಕ್ಕಳ ಮುಂದೆ ಪರೀಕ್ಷೆಗೆ ನಿಂತವು. ಯಾವ ಸಾಲಿಗೆ ಮಗು ಕುಣಿಯಿತು, ಯಾವ ಜಾಗದಲ್ಲಿ ಆಕಳಿಸಿತು, ಯಾವ ವಯಸ್ಸಿನ ಹುಡುಗ ಯಾವ ಕತೆಗೆ ಕಿವಿಗೊಟ್ಟ ಎಂಬುದನ್ನು ಮೇಜಿನ ಮುಂದೆ ಕುಳಿತು ಊಹಿಸುವ ಅಗತ್ಯ ಅವರಿಗಿರಲಿಲ್ಲ, ತರಗತಿಯಲ್ಲೇ ಕಣ್ಣಾರೆ ನೋಡುತ್ತಿದ್ದರು. ಮಕ್ಕಳಿಗಾಗಿ ಬರೆಯುವ ಎಲ್ಲರಿಗೂ ಈ ಭಾಗ್ಯ ಸಿಗುವುದಿಲ್ಲ.

ಪುಟಾಣಿಗಳಿಗೆ ಮೊದಲು ಕಿವಿ

ಅವರ ಬರವಣಿಗೆಯನ್ನು ವಯಸ್ಸಿನ ಪ್ರಕಾರ ಸಾಲಾಗಿ ಇಟ್ಟು ನೋಡಿದರೆ ಒಂದು ಮೆಟ್ಟಿಲು ಕಾಣುತ್ತದೆ. ಮೊದಲ ಮೆಟ್ಟಿಲು ಇನ್ನೂ ಅಕ್ಷರ ಬಾರದ ಮಗುವಿನದು. ಆ ಮಗುವಿಗೆ ಅರ್ಥಕ್ಕಿಂತ ಮೊದಲು ನಾದ ಬೇಕು. ನಾಗರಹಾವಿನ ಹಾಡಿನಲ್ಲಿ ಪ್ರತಿ ನುಡಿಯ ಕೊನೆಗೂ ಒಂದೇ ಅಕ್ಷರ ಮರಳಿ ಮರಳಿ ಬರುತ್ತದೆ. ಹಾಡಿನ ಉಳಿದ ಪದಗಳು ತಿಳಿಯದ ಮಗುವೂ ಆ ಕೊನೆಯನ್ನು ಕೂಗಿ ಹೇಳಿ ಹಾಡಿನಲ್ಲಿ ಪಾಲುಗೊಳ್ಳಬಹುದು. ಆ ಪದ್ಯದಲ್ಲಿ ಹಳಗನ್ನಡದ ವಾಸನೆಯ ಪದಗಳೂ ಇವೆ, ಆದರೆ ಯಾವ ಮಗುವೂ ಅದಕ್ಕಾಗಿ ಹಾಡು ನಿಲ್ಲಿಸಿದ್ದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಹಾವು ಎಂದರೆ ಮಗುವಿಗೆ ಭಯ, ಅದೇ ಹೊತ್ತಿಗೆ ಕುತೂಹಲ. ಕರಾವಳಿಯಲ್ಲಿ ನಾಗನೆಂದರೆ ದೇವರು ಕೂಡ. ಮಂಗೇಶರಾಯರು ಹಾವನ್ನು ಕೊಲ್ಲಿಸಲಿಲ್ಲ, ಹಾವಿನಿಂದ ಕಚ್ಚಿಸಲೂ ಇಲ್ಲ. ಪ್ರೀತಿಯಿಂದ ಕರೆದು, ಕೈಮುಗಿದು, ಕೊನೆಗೆ ಮರ್ಯಾದೆಯಿಂದ ಕಳುಹಿಸಿಕೊಟ್ಟರು. ಪುಟ್ಟ ಮಗುವಿಗೆ ಭಯವನ್ನು ಎಷ್ಟು ತೋರಿಸಬೇಕು, ಅದನ್ನು ಹೇಗೆ ಸಮಾಧಾನದಲ್ಲಿ ಮುಗಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ತೆಂಕಣ ಗಾಳಿಯಾಟ ಸ್ವಲ್ಪ ದೊಡ್ಡ ಮಕ್ಕಳ ಹಾಡು. ಕಡಲಿನ ಮೇಲಿಂದ ಬೀಸಿಬರುವ ಗಾಳಿ ಅಲ್ಲಿ ಪದಗಳ ಸದ್ದಿನಲ್ಲೇ ಮೊಳಗುತ್ತದೆ. ಕರಾವಳಿಯ ಮಳೆಗಾಲ ಕಂಡವರಿಗೆ ಅದರ ವಿವರಣೆ ಬೇಡ. ಜೂನ್ ತಿಂಗಳಲ್ಲಿ ಮುಂಬಯಿಯ ಮಳೆ-ಗಾಳಿಗೆ ಕಿಟಕಿ ಮುಚ್ಚುವ ನಮ್ಮ ಮಕ್ಕಳಿಗೂ ಅದು ಪರಕೀಯವಲ್ಲ.

ಕತೆ ಕೇಳುವ ವಯಸ್ಸು

ಎರಡನೆಯ ಮೆಟ್ಟಿಲು ಆರರಿಂದ ಹತ್ತು ವರ್ಷದ ಮಕ್ಕಳದು. ಈ ವಯಸ್ಸಿಗೆ ಅವರು ಕೊಟ್ಟದ್ದು ಮೆಣಸಿನ ಕಾಳಪ್ಪ, ಸಿಗಡಿ ಯಾಕೆ ಒಣಗಲಿಲ್ಲ, ಇಲಿಗಳ ತಕಥೈ, ಗುಡುಗುಡು ಗುಮ್ಮಟ ದೇವರು ಮುಂತಾದ ಕತೆಗಳನ್ನು. ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಪುಸ್ತಕ ತೆರೆಯುವ ಮೊದಲೇ ಮಗುವಿನ ಕಿವಿ ನಿಮಿರುತ್ತದೆ. ಒಂದರಲ್ಲಿ ಕುಣಿತದ ತಾಳವಿದೆ, ಒಂದರಲ್ಲಿ ಗುಡುಗಿದೆ, ಒಂದು ಹೆಸರೇ ಪ್ರಶ್ನೆಯಾಗಿದೆ.

ಒಣಗದ ಸಿಗಡಿಯ ಕತೆಯನ್ನೇ ತೆಗೆದುಕೊಳ್ಳೋಣ. ಒಂದು ಪ್ರಶ್ನೆಗೆ ಉತ್ತರ ಕೇಳಿದರೆ ಅದು ಇನ್ನೊಬ್ಬರತ್ತ ಬೆರಳು ತೋರಿಸುತ್ತದೆ, ಅವರು ಮತ್ತೊಬ್ಬರತ್ತ ತೋರಿಸುತ್ತಾರೆ. ಸರಪಳಿ ಕತೆ ಎಂದು ಜನಪದದಲ್ಲಿ ಕರೆಯುವ ಬಗೆ ಇದು. ಇಂಥ ಕತೆಯಲ್ಲಿ ಮುಂದೇನು ಎಂಬ ಕುತೂಹಲ ಒಂದು ಕಡೆ, ಹಿಂದಿನದೆಲ್ಲವನ್ನೂ ನೆನಪಿಟ್ಟುಕೊಳ್ಳುವ ಆಟ ಇನ್ನೊಂದು ಕಡೆ. ಒಂದೇ ಬಗೆಯ ವಾಕ್ಯ ಮತ್ತೆ ಮತ್ತೆ ಬರುವುದರಿಂದ ಮಗುವಿಗೆ ಗೊತ್ತಿಲ್ಲದೆಯೇ ವಾಕ್ಯ ರಚನೆ ಬಾಯಿಗೆ ಬರುತ್ತದೆ. ವ್ಯಾಕರಣ ಪಾಠವನ್ನು ಕತೆಯ ಮಡಿಲಲ್ಲಿ ಬಚ್ಚಿಟ್ಟು ಕೊಟ್ಟ ಜಾಣತನ ಇದು. ಕತೆಯ ಮಧ್ಯದಲ್ಲಿ ಸಿಗಡಿಯನ್ನು ತಂದದ್ದೂ ವಿಶೇಷವೇ. ಮೀನು ಒಣಗಿಸುವ ಅಂಗಳ ಕರಾವಳಿಯ ಮಕ್ಕಳು ದಿನಾ ನೋಡುವ ಜಾಗ. ಪಾಠಪುಸ್ತಕದ ಮಡಿವಂತಿಕೆಗೆ ಅಂಜದೆ ಮಕ್ಕಳ ಅಂಗಳವನ್ನೇ ಅವರು ಕತೆಗೆ ತಂದರು.

ಈ ಕತೆಗಳಲ್ಲಿ ಎದ್ದು ಕಾಣುವುದು ನಗು. ಕತೆ ಮುಗಿದ ಮೇಲೆ ಇದರಿಂದ ತಿಳಿಯುವ ನೀತಿ ಏನು ಎಂದು ಬೆರಳೆತ್ತಿ ಹೇಳುವ ಆತುರ ಅವರಿಗಿರಲಿಲ್ಲ. ಮಗು ಕತೆಯಲ್ಲಿ ಖುಷಿಪಟ್ಟರೆ ಉಳಿದದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆ ಅವರದಾಗಿತ್ತೆಂದು ಕತೆಗಳೇ ಹೇಳುತ್ತವೆ.

ಮೀಸೆ ಚಿಗುರುವವರಿಗೆ ಕೋಟಿ ಚೆನ್ನಯ

ಮೂರನೆಯ ಮೆಟ್ಟಿಲೇ ಅತ್ಯಂತ ಕಷ್ಟದ್ದು. ಹನ್ನೆರಡು-ಹದಿಮೂರು ದಾಟಿದ ಮಕ್ಕಳು ಮಕ್ಕಳ ಕತೆ ಎಂದರೆ ಮೂಗು ಮುರಿಯುತ್ತಾರೆ. ದೊಡ್ಡವರ ಕಾದಂಬರಿ ಅವರಿಗಿನ್ನೂ ದೂರ. ಈ ನಡುವಿನ ವಯಸ್ಸಿನವರಿಗೆ ಒಗ್ಗುವ ಹಾಗೆ ಮಂಗೇಶರಾಯರು 1924ರಲ್ಲಿ ಹೊರತಂದ ಪುಸ್ತಕವೇ ಕೋಟಿ ಚೆನ್ನಯ.

ತುಳುನಾಡಿನ ಅವಳಿ ವೀರರ ಈ ಕತೆ ಪಾಡ್ದನದ ರೂಪದಲ್ಲಿ ತಲೆಮಾರುಗಳಿಂದ ಹರಿದುಬಂದದ್ದು. ತಾಯಿ ದೇಯಿ ಬೈದೆದಿ ಪಡುಮಲೆಯ ಪೆರುಮಾಳ ಬಲ್ಲಾಳನ ಗಾಯವನ್ನು ಮದ್ದು ಕೊಟ್ಟು ಗುಣಪಡಿಸುತ್ತಾಳೆ. ಅವಳಿ ಮಕ್ಕಳನ್ನು ಹೆತ್ತು ಕಣ್ಣು ಮುಚ್ಚುತ್ತಾಳೆ. ಮಕ್ಕಳು ಸಾಯನ ಬೈದ್ಯನ ಆಸರೆಯಲ್ಲಿ ಬೆಳೆಯುತ್ತಾರೆ. ಬುದ್ಯಂತನ ಜೊತೆಗಿನ ಬಾಲ್ಯದ ಜಗಳ ಮುಂದೆ ಗದ್ದೆಯ ನೀರಿನ ಜಗಳವಾಗಿ ಕೊಲೆಯವರೆಗೆ ಹೋಗುತ್ತದೆ. ಅರಸನ ಮಾತು ತಪ್ಪುತ್ತದೆ, ವೀರರು ಊರು ಬಿಡುತ್ತಾರೆ. ಪಂಜದಲ್ಲಿ ಅಕ್ಕನನ್ನು ಕಂಡರೂ ಅಲ್ಲಿ ಒಳಸಂಚು ಕಾದಿರುತ್ತದೆ. ಕೊನೆಗೆ ಎಣ್ಮೂರಿನ ಆಸರೆ, ಗಡಿಯ ತಂಟೆ, ಯುದ್ಧ ಮತ್ತು ಇಬ್ಬರ ಮರಣ. ಇಂದಿಗೂ ಗರೋಡಿಗಳಲ್ಲಿ ನೇಮ ನಡೆಯುವ ಈ ವೀರರ ಕತೆ ಮುಂಬಯಿಯ ತುಳುವರಿಗೆ ಹೇಳಿಕೊಡಬೇಕಾದದ್ದಲ್ಲ.

ಇಲ್ಲಿ ಮಂಗೇಶರಾಯರು ಮಾಡಿದ ಕೆಲಸದ ಬೆಲೆ ಮೂರು ಬಗೆಯದು. ಮೊದಲನೆಯದಾಗಿ, ತುಳುವಿನ ಬಾಯ್ದೆರೆಯ ಕತೆಯನ್ನು ಕನ್ನಡ ಓದುವ ಎಲ್ಲರಿಗೂ ದಾಟಿಸಿದರು. ಎರಡನೆಯದಾಗಿ, ಅರಸರ, ಪುರಾಣ ಪುರುಷರ ಕತೆಗಳೇ ಪಾಠವಾಗಿದ್ದ ಕಾಲದಲ್ಲಿ ದುಡಿಯುವ ಜನರ ಮನೆಯಲ್ಲಿ ಬೆಳೆದ ವೀರರನ್ನು ನಾಯಕರನ್ನಾಗಿ ಮಕ್ಕಳ ಮುಂದೆ ನಿಲ್ಲಿಸಿದರು. ಮೂರನೆಯದಾಗಿ, ಹರೆಯದ ಓದುಗರಿಂದ ಅವರು ಸಾವನ್ನು ಮುಚ್ಚಿಡಲಿಲ್ಲ, ಅನ್ಯಾಯವನ್ನು ಮುಚ್ಚಿಡಲಿಲ್ಲ. ನಾಗರಹಾವನ್ನು ಮೆಲ್ಲಗೆ ಹೊರಗೆ ಕಳುಹಿಸಿದ ಅದೇ ಲೇಖಕರು ಕೋಟಿ ಚೆನ್ನಯರನ್ನು ರಣರಂಗದಲ್ಲಿ ಬಿಟ್ಟುಕೊಟ್ಟರು. ಮಗು ಬೆಳೆದಂತೆ ಅದಕ್ಕೆ ಹೇಳುವ ಸತ್ಯವೂ ಬೆಳೆಯಬೇಕು ಎಂಬುದು ಅವರ ಲೆಕ್ಕ.

ಇದೇ ವಯಸ್ಸಿನವರಿಗೆ ಒಗ್ಗುವ ಐತಿಹಾಸಿಕ ಕಥಾವಳಿಯನ್ನೂ ಅವರು ಬರೆದರು. ಹೊಲೆಯನ ಹಾಡು, ಡೊಂಬರ ಚೆನ್ನೆ ಎಂಬ ಪದ್ಯಗಳಲ್ಲಿ ಸಮಾಜದ ಅಂಚಿನಲ್ಲಿ ನಿಂತವರ ನೋವಿಗೆ ದನಿ ಕೊಟ್ಟರು. ಅಸ್ಪೃಶ್ಯತೆಯನ್ನು ಪ್ರಶ್ನಿಸುವುದು ಅಪರೂಪವಾಗಿದ್ದ ದಿನಗಳಲ್ಲಿ ಒಬ್ಬ ಶಾಲಾ ಮಾಸ್ತರರು ಅದನ್ನು ಪದ್ಯವಾಗಿಸಿದ್ದು ಸಣ್ಣ ಮಾತಲ್ಲ.

ಮಡಿಕೇರಿಯಿಂದ ರಾಯಚೂರಿಗೆ

1920ರ ದಶಕದಲ್ಲಿ ಅವರು ಕೊಡಗಿಗೆ ಹೋಗಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡವ ನುಡಿಯ ನಾಡು ಅದು. ಕೊಂಕಣಿ ಮನೆಯ, ತುಳುನಾಡಿನ ಮಾಸ್ತರರು ಅಲ್ಲಿ ಹೊರಗಿನವರಾಗಿ ಉಳಿಯಲಿಲ್ಲ. ಅಲ್ಲಿನ ಸುಗ್ಗಿ ಹಬ್ಬದ ಮೇಲೆ ಅವರು ಬರೆದ ಹುತ್ತರಿಯ ಹಾಡು ಕೊಡಗಿನವರ ಅಭಿಮಾನದ ಗೀತೆಯೇ ಆಗಿಹೋಯಿತು. ಬಂದ ನೆಲವನ್ನು ತನ್ನದೆಂದು ಹಾಡಬಲ್ಲವನಿಗೆ ಯಾವ ಊರೂ ಹೊರನಾಡಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅವರ ಕೆಲಸ ಬರವಣಿಗೆಗಷ್ಟೇ ನಿಲ್ಲಲಿಲ್ಲ. ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿ ಮಕ್ಕಳಿಗಾಗಿ ಚಿಕ್ಕ ಚಿಕ್ಕ ಪುಸ್ತಕಗಳು ಹೊರಬರುವಂತೆ ಮಾಡಿದರು. ತಾನೊಬ್ಬ ಬರೆದರೆ ಸಾಲದು, ಬರೆಯುವವರ ಒಂದು ಬಳಗವೇ ಬೇಕು ಎಂಬ ದೂರದೃಷ್ಟಿ ಅದು. ಮುಂದೆ ಶಿವರಾಮ ಕಾರಂತರು ಬಾಲ ಪ್ರಪಂಚದಂಥ ಸಾಹಸಕ್ಕೆ ಕೈಹಾಕಿದ್ದು, ಜಿ.ಪಿ. ರಾಜರತ್ನಂ, ಹೊಯ್ಸಳ ಮೊದಲಾದವರು ಮಕ್ಕಳಿಗಾಗಿ ಬರೆದದ್ದು ಎಲ್ಲವೂ ಪಂಜೆಯವರು ತುಳಿದು ಹಸನು ಮಾಡಿದ ದಾರಿಯಲ್ಲೇ.

1934ರಲ್ಲಿ ರಾಯಚೂರಿನಲ್ಲಿ ನಡೆದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆಡಳಿತದಲ್ಲೂ ಶಿಕ್ಷಣದಲ್ಲೂ ಉರ್ದುವಿನದೇ ಮೇಲುಗೈ. ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ಓದುವ ಅವಕಾಶ ಕಡಿಮೆಯಿದ್ದ ಆ ನೆಲದಲ್ಲಿ ಮಕ್ಕಳ ಕವಿಯನ್ನು ಪೀಠದ ಮೇಲೆ ಕೂರಿಸಿದ್ದು ಅರ್ಥಪೂರ್ಣವಾದದ್ದು. ಮಕ್ಕಳ ಹಾಡು ಬರೆಯುವವರನ್ನು ಎರಡನೆಯ ದರ್ಜೆಯ ಸಾಹಿತಿಗಳೆಂದು ನೋಡುವವರಿಗೆ ರಾಯಚೂರಿನ ಸಮ್ಮೇಳನ ಒಂದು ಉತ್ತರ.

ಅವರ ಕೊನೆಯ ದಿನಗಳು ಕಳೆದದ್ದು ಹೈದರಾಬಾದಿನಲ್ಲಿ. 1937ರ ಅಕ್ಟೋಬರ್ ತಿಂಗಳಲ್ಲಿ ಅಲ್ಲೇ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 63 ವರ್ಷ. ನೇತ್ರಾವತಿಯ ದಂಡೆಯಲ್ಲಿ ಹುಟ್ಟಿದ ಜೀವ ಮೂಸಿಯ ದಂಡೆಯ ಊರಿನಲ್ಲಿ ಮಣ್ಣಾಯಿತು. ಹೈದರಾಬಾದಿನ ಕನ್ನಡ ಬಾಂಧವರಿಗೆ ಈ ನೆನಪು ಹೆಮ್ಮೆಯದ್ದೂ ಹೌದು, ಹೊಣೆಯದ್ದೂ ಹೌದು. ಕರ್ನಾಟಕದ ಏಕೀಕರಣ ನೋಡಲು ಅವರು ಉಳಿಯಲಿಲ್ಲ. ಆದರೆ ಮದರಾಸು ಪ್ರಾಂತದ ಮಂಗಳೂರು, ಕೊಡಗು, ನಿಜಾಮರ ರಾಯಚೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡ ನೆಲವನ್ನು ತನ್ನ ಬದುಕಿನಲ್ಲೇ ಅವರು ಒಂದುಗೂಡಿಸಿದ್ದರು.

ನಮ್ಮ ಮಕ್ಕಳಿಗೆ ಪಂಜೆ ಏಕೆ?

ಈಗ ನಮ್ಮ ಮಾತಿಗೆ ಬರೋಣ. ಹೊರನಾಡಿನ ಮಕ್ಕಳ ಕನ್ನಡ ತರಗತಿಗಳಲ್ಲಿ ಒಂದು ತೊಡಕು ಮತ್ತೆ ಮತ್ತೆ ಕಾಣುತ್ತದೆ. ಹದಿಮೂರು ವರ್ಷದ ಹುಡುಗನ ಬುದ್ಧಿ ಹದಿಮೂರರದೇ, ಆದರೆ ಅವನ ಕನ್ನಡ ಆರು ವರ್ಷದವನದು. ಅವನ ಭಾಷೆಗೆ ತಕ್ಕಂತೆ ಶಿಶುಗೀತೆ ಕೊಟ್ಟರೆ ಅವನಿಗೆ ನಾಚಿಕೆ. ಅವನ ಬುದ್ಧಿಗೆ ತಕ್ಕಂತೆ ದೊಡ್ಡ ಕಾದಂಬರಿ ಕೊಟ್ಟರೆ ಎರಡನೆಯ ಪುಟಕ್ಕೇ ನಿಲ್ಲುತ್ತಾನೆ. ಮುಂದಿನ ಭಾನುವಾರ ತರಗತಿಗೆ ಬರುವುದಿಲ್ಲ. ಹೀಗೆ ಒಮ್ಮೆ ಹೊರಗೆ ಹೋದ ಮಗು ಮತ್ತೆ ಕನ್ನಡಕ್ಕೆ ಮರಳುವುದು ಅಪರೂಪ. ಒಂದು ತಲೆಮಾರು ಹೀಗೆ ಕಳೆದರೆ ನಮ್ಮ ಸಂಘದ ಗ್ರಂಥಾಲಯದ ಕಪಾಟಿಗೆ ಬೀಗ ಹಾಕಬೇಕಾಗುತ್ತದೆ.

ಈ ತೊಡಕಿಗೆ ಪಂಜೆಯವರಲ್ಲಿ ದಾರಿಯಿದೆ. ಹರೆಯದವನಿಗೆ ಕೊಡುವ ಕತೆಯ ಹೂರಣ ದೊಡ್ಡದಿರಲಿ, ಅದನ್ನು ಬಡಿಸುವ ವಾಕ್ಯ ಚಿಕ್ಕದಿರಲಿ ಎಂಬುದೇ ಆ ದಾರಿ. ಕೋಟಿ ಚೆನ್ನಯದಲ್ಲಿ ಮಾನ, ಸ್ನೇಹ, ದ್ರೋಹ, ಸಾವು ಎಲ್ಲವೂ ಇವೆ. ಮನೆಯ ಹಿರಿಯರು ಪ್ರತಿದಿನ ನಾಲ್ಕು ಪುಟ ಗಟ್ಟಿಯಾಗಿ ಓದಿ ಹೇಳಿದರೆ, ಅಲ್ಲಲ್ಲಿ ತುಳುವಿನಲ್ಲೋ ಮರಾಠಿಯಲ್ಲೋ ಒಂದು ಮಾತು ಸೇರಿಸಿ ವಿವರಿಸಿದರೆ, ಅಕ್ಷರ ಬಾರದ ಹುಡುಗನಿಗೂ ಕತೆ ಮುಟ್ಟುತ್ತದೆ. ಕತೆ ಮುಟ್ಟಿದವನು ನಾಳೆ ಅಕ್ಷರಕ್ಕೆ ತಾನೇ ಬರುತ್ತಾನೆ. ಆರೇಳು ವರ್ಷದವರಿಗೆ ಸರಪಳಿ ಕತೆಯನ್ನು ಸಾಲಾಗಿ ನಿಲ್ಲಿಸಿ ಆಡಿಸಬಹುದು, ಪ್ರತಿ ಮಗುವಿಗೂ ಒಂದೊಂದು ಉತ್ತರ. ಪುಟಾಣಿಗಳಿಗೆ ಹಾಡು ಸಾಕು.

ಪಂಜೆಯವರ ಕೃತಿಗಳು 1970ರ ದಶಕದಲ್ಲಿ ಸಂಪುಟಗಳಾಗಿ ಬಂದವು. ವಿ. ಸೀತಾರಾಮಯ್ಯನವರು ಅವರ ಕುರಿತು ಸಾಹಿತ್ಯ ಅಕಾಡೆಮಿಗೆ ಕಿರುಹೊತ್ತಗೆ ಬರೆದುಕೊಟ್ಟಿದ್ದಾರೆ. ಹಳೆಯ ಗ್ರಂಥಾಲಯ ಇರುವ ಸಂಘಗಳವರು ಒಮ್ಮೆ ಕಪಾಟು ತೆರೆದು ನೋಡಿದರೆ ಇವುಗಳಲ್ಲಿ ಯಾವುದಾದರೂ ಕೈಗೆ ಸಿಗಬಹುದು.

ಪ್ರತಿಭಾ ಸ್ಪರ್ಧೆಯಲ್ಲಿ ನಾಗರಹಾವಿನ ಹಾಡಿಗೆ ಬಹುಮಾನ ಕೊಡುವುದು ಒಳ್ಳೆಯದೇ. ಆದರೆ ಆ ಮಗು ಮೂರನೆಯ ತರಗತಿಗೆ ಬಂದಾಗ ಅದರ ಕೈಗೆ ಮೆಣಸಿನ ಕಾಳಪ್ಪನನ್ನೂ, ಎಂಟನೆಯ ತರಗತಿಗೆ ಬಂದಾಗ ಕೋಟಿ ಚೆನ್ನಯರನ್ನೂ ಇಡುವ ಕೆಲಸ ಇನ್ನೂ ಬಾಕಿಯಿರುತ್ತದೆ. ಪ್ರತಿ ವರ್ಷ ಫೆಬ್ರವರಿ 22ರ ಆಸುಪಾಸಿನ ಒಂದು ಭಾನುವಾರವನ್ನು ನಮ್ಮ ಸಂಘಗಳು ಇದಕ್ಕಾಗಿ ಮೀಸಲಿಟ್ಟು, ಮೂರು ವಯಸ್ಸಿನ ಮಕ್ಕಳನ್ನು ಮೂರು ಕೋಣೆಗಳಲ್ಲಿ ಕೂರಿಸಿ ಅವರವರ ವಯಸ್ಸಿನ ಪಂಜೆಯವರನ್ನು ಪರಿಚಯಿಸಿದರೆ ಅದಕ್ಕೆ ಖರ್ಚೂ ಹೆಚ್ಚಿಲ್ಲ. ಕತೆ ಓದಿ ಹೇಳಬಲ್ಲ ಮೂವರು ಹಿರಿಯರು ಸಿಕ್ಕಿದರೆ ಸಾಕು, ಅಂಥವರು ನಮ್ಮ ಪ್ರತಿ ಸಂಘದಲ್ಲೂ ಇದ್ದಾರೆ.